ಎಂಟು ಬೋಲ್ಟಿನ ಮುಚ್ಚಳ

ಬೋಲ್ಟು ಸಡಿಲವಾಗಿತ್ತು. ಅದರ ಕೊರಳಲ್ಲಿ ಇರಬೇಕಾಗಿದ್ದ ಸ್ಪ್ರಿಂಗ್ ವಾಷರ್ ಇರಲಿಲ್ಲ.

“ನೋಡಿದ್ರಾ?” ಮ್ಯಾನೇಜರು ಬಗ್ಗಿ, ಗೆದ್ದವರ ದನಿಯಲ್ಲಿ ಕೇಳಿದರು. “ಮತ್ತೆ ಮಾಯ! ಇದೂ ಸೇರಿ ಆರು ಸಲ. ವಾಷರಿಗೇನು ಕಾಲು ಬಂದು ನಡ್ಕೊಂಡು ಹೋಗುತ್ತಾ?”

ಹೊರಗಿನಿಂದ ರಿಪೇರಿಗೆ ಬಂದಿದ್ದ ತಂತ್ರಜ್ಞ ಮಂಡಿಯೂರಿ ಕುಳಿತ. ಕೈಯಲ್ಲಿದ್ದ ಪುಟ್ಟ ರೇಡಿಯೊವನ್ನು ಯಂತ್ರದ ಮುಚ್ಚಳದ ಅಂಚಿಗೆ ಹಿಡಿದ. “ಅಕ್ಕ, ಒತ್ತಿ.”

ಸ್ಟೂಲಿನ ಮೇಲಿದ್ದ ಹೆಂಗಸು ಪೆಡಲು ಒತ್ತಿದಳು. ರೇಡಿಯೊ ಗೊರಗೊರನೆ ಅರಚಿತು. ಗೋಡೆಯಾಚೆಯ ಪ್ಯಾಕಿಂಗ್ ವಿಭಾಗದಿಂದ ಯಾರೋ ಕೂಗಿದರು: “ತಕ್ಕಡಿ ಮತ್ತೆ ಕುಣೀತಿದೆ!”

“ಬಿಡಿ.”

ಸದ್ದು ನಿಂತಿತು.

ರೇನ್‌ಕೋಟಿನ ಅಂಚುಗಳನ್ನು ರೇಡಿಯೊ ತರಂಗಗಳಿಂದ ಬೆಸೆಯುವ ಯಂತ್ರ ಅದು. ಎಂಟು ಬೋಲ್ಟುಗಳ ಲೋಹದ ಮುಚ್ಚಳ ಬಿಗಿಯಾಗಿದ್ದಷ್ಟು ದಿನ ತರಂಗಗಳು ಒಳಗೇ ಅಡಗಿರುತ್ತಿದ್ದವು. ದಿನವಿಡೀ ಅದುರುವ ಯಂತ್ರ. ವಾಷರ್ ಇಲ್ಲದ ಬೋಲ್ಟು ತಿಂಗಳೊಳಗೆ ತಾನಾಗಿ ಸಡಿಲುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ತರಂಗಗಳು ಹೊರಗೆ ಸೋರಿ ರೇಡಿಯೊ ಅರಚುತ್ತದೆ, ಪಕ್ಕದ ವಿಭಾಗದ ಎಲೆಕ್ಟ್ರಾನಿಕ್ ತಕ್ಕಡಿ ಐದು ಕಿಲೋವನ್ನು ಏಳೆನ್ನುತ್ತದೆ.

ಮೊದಲ ಸಲ ಅವನು ಬಂದಾಗ ಅರ್ತಿಂಗ್ ತಂತಿ ತುಂಡಾಗಿತ್ತು. ಆಮೇಲಿನದೆಲ್ಲ ಬೋಲ್ಟುಗಳ ಕಾಟ. ತಿಂಗಳಿಗೊಂದು, ಸರದಿಯಂತೆ. ಪ್ರತಿ ಸಲವೂ ಅವನು ಹೊಸ ವಾಷರ್ ಹಾಕಿ, ‘ಯಂತ್ರದ ಅದುರಾಟವೇ ಕಾರಣ’ ಎಂದು ಬರೆದುಕೊಟ್ಟು ಹೋಗುತ್ತಿದ್ದ. ಕಾರ್ಖಾನೆಯವರು ಅವನಿಗೆ ‘ಗೊರಗೊರ ಸಾರ್’ ಎಂದು ಹೆಸರಿಟ್ಟಿದ್ದರು.

ಇವತ್ತು ಮಾತ್ರ ಕುಣಿದದ್ದು ತಕ್ಕಡಿಯೊಂದೇ ಅಲ್ಲ. ರಿಮೋಟಿನಿಂದ ಓಡುವ ಕ್ರೇನು ನಡುದಾರಿಯಲ್ಲಿ ಗಕ್ಕನೆ ನಿಂತು, ಅರ್ಧ ಟನ್ನಿನ ಹೊರೆ ಒಬ್ಬ ಕೂಲಿಯ ನೆತ್ತಿಯ ಮೇಲೆ ಹತ್ತು ನಿಮಿಷ ತೂಗಾಡಿತ್ತು. ಸುದ್ದಿ ಕೇಳಿದಾಗ ತಂತ್ರಜ್ಞನ ಮುಖ ಸುಣ್ಣವಾಗಿತ್ತು.

“ಯಂತ್ರ ನಿಂತ್ರೆ ಅರ್ಧ ದಿನ ಕಾಲು ಚಾಚಿ ಹರಟೆ ಹೊಡೀಬಹುದಲ್ಲ, ಅದಕ್ಕೇ ಈ ಆಟ,” ಮ್ಯಾನೇಜರು ಆಕೆಯತ್ತ ನೋಡದೆ ಹೇಳಿದರು. “ಇವಳ ಡ್ರಾಯರಿನಲ್ಲಿ ಸ್ಪ್ಯಾನರ್ ಸಿಕ್ಕಿದೆ. ಕೆಲಸದಿಂದ ತೆಗೆಯೋ ಪತ್ರ ಟೈಪಾಗಿದೆ. ‘ಯಾರೋ ಬೇಕಂತಲೇ ಬಿಚ್ಚಿದ್ದಾರೆ’ ಅಂತ ನೀವೊಂದು ಸಾಲು ಬರೆದು ಸಹಿ ಹಾಕಿ. ತರ್ತೀನಿ.”

ಬೂಟಿನ ಸದ್ದು ದೂರವಾಯಿತು.

ಬೇಕಂತಲೇ ಬಿಚ್ಚಿದ್ದು ನಿಜ. ಯಾರ ಕೈ ಎಂಬುದು ತಂತ್ರಜ್ಞನಿಗೆ ಮೊದಲ ತಿಂಗಳಿನಿಂದಲೂ ಗೊತ್ತಿತ್ತು. ಯಾಕೆ ಎಂಬುದೂ. ಮಾತಾಡುವವರೇ ಇಲ್ಲದ ಜೀವಕ್ಕೆ, ಎದುರಿಗೆ ಒಬ್ಬರು ಕುಳಿತು ಊಟವಾಯಿತೇ ಎಂದು ಕೇಳುವ ಎರಡು ಗಂಟೆ ಎಷ್ಟು ದೊಡ್ಡದೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಊಟ ಆಯ್ತಾ ಸಾರ್?” ಆಕೆ ಇಂದೂ ಕೇಳಿದಳು.

“ಆಯ್ತು. ಆ ಸ್ಪ್ಯಾನರ್...”

“ನಿಮ್ದೇ ಸಾರ್. ಹೋದ ಸಲ ಇಲ್ಲೇ ಮರೆತು ಹೋಗಿದ್ರಿ. ತುಕ್ಕು ಹಿಡೀಬಾರ್ದು ಅಂತ ಸುತ್ತಿಟ್ಟಿದ್ದೆ.” ಆಕೆ ಡ್ರಾಯರ್ ಎಳೆದು ಹಳದಿ ರೇನ್‌ಕೋಟಿನ ತುಂಡಿನಲ್ಲಿ ಬೆಸೆದ ಒಂದು ಚೀಲ ತೆಗೆದಳು. ಸ್ಪ್ಯಾನರಿನ ಅಳತೆಗೆ ಸರಿಯಾಗಿ, ಅಂಚು ಒಂದಿಷ್ಟೂ ಸೊಟ್ಟಗಾಗದಂತೆ. “ಇಪ್ಪತ್ತು ವರ್ಷ ಆಯ್ತು, ನಂಗೆ ಗೊತ್ತಿರೋದು ಈ ಪೆಡಲೊಂದೇ. ಈ ವಯಸ್ಸಲ್ಲಿ ಇನ್ನೆಲ್ಲಿ ಹೋಗ್ಲಿ ಹೇಳಿ?”

ಅವನು ಚೀಲ ತೆಗೆದುಕೊಂಡ. ಬ್ಯಾಗಿನಲ್ಲಿ ಏನೋ ಕಿಣಿಕಿಣಿ ಎಂದಿತು.

“ಒಳಗೇನು, ಗೆಜ್ಜೆ ಇಟ್ಕೊಂಡಿದೀರಾ?” ಆಕೆ ಕಣ್ಣೊರೆಸಿಕೊಳ್ಳುತ್ತಲೇ ನಗಲು ನೋಡಿದಳು.

“ಹಳೇ ಸಾಮಾನು,” ಎಂದು ಅವನು ಬ್ಯಾಗಿನ ಜಿಪ್ ಎಳೆದ. ಹೊಸ ವಾಷರ್ ತೊಡಿಸಿ ಬೋಲ್ಟು ಬಿಗಿದ. ಉಳಿದ ಏಳನ್ನೂ ಒಂದೊಂದಾಗಿ ಮುಟ್ಟಿ ನೋಡಿದ. “ಒತ್ತಿ.”

ರೇಡಿಯೊ ಮೌನವಾಗಿತ್ತು.

ಮ್ಯಾನೇಜರು ಪತ್ರ, ಪೆನ್ನು ಹಿಡಿದು ಬಂದರು. ತಂತ್ರಜ್ಞ ಪೆನ್ನು ಮುಟ್ಟಲಿಲ್ಲ.

“ಅವರದೇನೂ ತಪ್ಪಿಲ್ಲ. ಸ್ಪ್ಯಾನರ್ ನಂದು. ಬೋಲ್ಟಿಗೆ ವಾಷರ್ ಇಲ್ದೆ ಇದ್ದದ್ದೂ ನನ್ನಿಂದಲೇ.”

“ಆರು ಸಲವೂ?”

“ಆರು ಸಲವೂ.”

ಮ್ಯಾನೇಜರು ಅವನನ್ನೂ ಆಕೆಯನ್ನೂ ಬದಲಿಸಿ ಬದಲಿಸಿ ನೋಡಿ ವ್ಯಂಗ್ಯವಾಗಿ ನಕ್ಕರು. “ಕರುಣೆ ಉಕ್ಕಿ ಹರೀತಿದೆ! ಸರಿ, ಹಾಗಂತಲೇ ಬರೆದು ಸಹಿ ಹಾಕಿ. ಇವಳು ಇರ್ಲಿ. ನೀವು ಇನ್ಮುಂದೆ ಈ ಗೇಟಿನ ಒಳಗೆ ಕಾಲಿಡಬೇಡಿ.”

ಅವನು ಬರೆದ. ಸಹಿ ಹಾಕಿದ.

ಗೇಟಿನವರೆಗೂ ಆಕೆ ಬಂದಳು. “ಸ್ವಂತ ತಮ್ಮನೂ ಇಷ್ಟು ಮಾಡ್ತಿರಲಿಲ್ಲ. ನನ್ನ ಉಳಿಸೋಕೆ ಅಷ್ಟು ದೊಡ್ಡ ಸುಳ್ಳು ಹೇಳಿಬಿಟ್ರಲ್ಲ ಸಾರ್!”

“ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಕ್ಕ,” ಎಂದಷ್ಟೇ ಹೇಳಿ ಅವನು ರಸ್ತೆಗಿಳಿದ.

ಅವನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಒಂದು ಲೋಟ. ಊರವರ ಗೊರಗೊರವನ್ನೆಲ್ಲ ಅಡಗಿಸುವವನ ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಕುರ್ಚಿಯಲ್ಲಿ ಕುಳಿತು, ಬ್ಯಾಗಿನ ತಳದಿಂದ ಪೆಪ್ಪರಮಿಂಟಿನ ಡಬ್ಬಿ ತೆಗೆದ. ಹಳದಿ ಚೀಲದ ಬಾಯಿ ಬಿಡಿಸಿ ಅದರೊಳಕ್ಕೆ ಬಗ್ಗಿಸಿದ.

ಆರು ಹಳೆಯ ವಾಷರುಗಳು ಒಂದೊಂದಾಗಿ ಕಿಣಿಕಿಣಿ ಎನ್ನುತ್ತ ಬಿದ್ದವು. ಪ್ರತಿ ಸಲ ಹೊರಡುವ ಮುನ್ನ, ಮರುತಿಂಗಳೂ ಕರೆ ಬರಲೆಂದು, ಮುಂದಿನ ಬೋಲ್ಟಿನಿಂದ ಅವನೇ ಬಿಚ್ಚಿ ತಂದವು.