ಗೋಲಿನ ಮುಂದೆ ನಿಂತವನು

"ಇಂವಾ ನೋಡ್ಪಾ, ನನ್ನ ಮಗಾ," ಎಂದು ಶೆಟ್ಟೆವ್ವ ಮೊಬೈಲಿನ ಮೇಲೆ ಬೆರಳಿಟ್ಟಳು. ಹೋದ ವರ್ಷ ಲಡಾಖಿನಲ್ಲಿ ನಡೆದ ಐಸ್ ಹಾಕಿ ಲೀಗಿನ ಫೈನಲ್ಲು. ಗೋಲಿನ ಮುಂದೆ ನಿಂತವನ ಮುಖವೆಲ್ಲ ಹೆಲ್ಮೆಟ್ಟಿನೊಳಗೆ. ಅವನು ಬಗ್ಗಿ ಮಂಜುಗಡ್ಡೆ ಮುಟ್ಟಿ, ಕೈಯನ್ನು ಹಣೆಗೆ ಒತ್ತಿಕೊಂಡ. "ನಮ್ಮ ಕಲ್ಲೋಳಿ ಗರಡಿ ಮಣ್ಣ ಮುಟ್ಟಿ ಕಲತದ್ದು. ಬರ್ಫದಾಗೂ ಬಿಡಲಿಲ್ಲ, ಹುಚ್ಚಪ್ಯಾಲಿ!"

ಮಹಾಂತೇಶ ಚಹಾದ ಕಪ್ಪನ್ನು ಕೆಳಗಿಟ್ಟ. ಅಂಕಲಗಿಯವನಾದ ಅವನೂ ಅವಳ ಮಗ ಭೀಮಶಿಯೂ ಒಂದೇ ಸೇನಾ ತಂಡದ ಆಟಗಾರರು. ರಜೆಗೆ ಬಂದವನು ಗೆಳೆಯನ ತಾಯಿಯನ್ನು ಕಾಣಲು ಬಂದಿದ್ದ. ಭೀಮಶಿ ಹಿಮಕುಸಿತದಲ್ಲಿ ಸತ್ತದ್ದು ಫೈನಲ್ಲಿಗೆ ಮೊದಲೇ; ತಾಯಿ ಮಾತ್ರ ಈ ಆಟ ಅವನ ಸಾವಿಗೆ ಮುಂಚಿನದೆಂದೇ ನಂಬಿದ್ದಳು. ಅವನ ಜೆರ್ಸಿ ತೊಟ್ಟು ಗೋಲು ಕಾದವನು ಮಹಾಂತೇಶ. ಗೆಳೆಯನ ನೆನಪಿಗೆ ಹಣೆಗೆ ಕೈ ಒತ್ತಿಕೊಂಡವನೂ ಅವನೇ.

"ಅವನ ಆಟ ಅಂತ ನನ್ನ ಕಡೆ ಇದೊಂದ ಐತಿ. ದಿನಾ ಇದನ್ನ ನೋಡೇ ಉಣ್ಣತೇನಿ," ಎಂದಳು. ಪರದೆಯಲ್ಲಿ ಗೋಲುಗಾರ ಬಿದ್ದು ಹೊಡೆತ ತಡೆದ. "ಭಲೇ ನನ್ನಪ್ಪಾ!" ಎಂದು ಗಾಜನ್ನು ಸವರಿ, ಥಟ್ಟನೆ ತಿರುಗಿದಳು. "ಅಲ್ಲೋ, ನೀನೂ ಆಡತಿದ್ದಿ ಅಂತಿದ್ದ ಅಂವಾ. ಇದರಾಗ ನೀ ಎಲ್ಲಿ ಅದಿ?"

ಸುಳ್ಳು ಹೇಳಲು ಬಾರದ ಮನುಷ್ಯ. ಬೆರಳನ್ನು ನಿಧಾನಕ್ಕೆ ಅಂಕಣದಾಚೆಯ ಗುಂಪಿನತ್ತ ಸರಿಸಿದ. "ನಾ ಆವತ್ತ ಆಡಲಿಲ್ಲ ಬೇ ಯವ್ವಾ. ಅಲ್ಲೇ ಹೊರಗ ನಿಂತು ಇವನ ಆಟ ನೋಡಾಕತ್ತಿದ್ನಿ."