ಸುಣ್ಣ ಬಳಿದ ಗೋಡೆ

ವಸತಿ ಇಲಾಖೆಯ ಇಂಜಿನಿಯರು ಗೋಡೆಗೆ ಟಾರ್ಚು ಬಿಟ್ಟಾಗ ಅವರ ಜೊತೆಗೇ ಕೆಲಸದಿಂದ ಬಂದ ಸೊಸೆ ಕಣ್ಣುಜ್ಜಿಕೊಂಡು ನೋಡಿದಳು. ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ನೆಲದಿಂದ ಸೂರಿನವರೆಗೆ ಕಪ್ಪಗೆ ಹಬ್ಬಿದ್ದ ಬೂಷ್ಟು ಈಗ ಮಾಯವಾಗಿತ್ತು. ಗೋಡೆ ಹಾಲಿನಂತೆ ಬೆಳ್ಳಗಿತ್ತು.

ಬಾಗಿಲ ಬಳಿ ನಿಂತಿದ್ದ ಅತ್ತೆಯ ಮೊಣಕೈಗೆ ಇನ್ನೂ ಸುಣ್ಣ ಮೆತ್ತಿತ್ತು. "ದೊಡ್ಡೋರು ಬರ್ತಾರೆ ಅಂದ್ಯಲ್ಲ, ಹಾಗೇ ಬಿಡೋಕಾಗುತ್ತಾ?" ಎಂದರು ಆಕೆ, ಶಭಾಷ್ ಎನ್ನಿಸಿಕೊಳ್ಳಲು ಕಾದವರಂತೆ.

"ಬೂಷ್ಟು ಎಲ್ಲಮ್ಮಾ ಇದೆ? ಬೇರೆ ಮನೆ ಬೇಕು ಅಂತ ಸುಳ್ಳು ದೂರು ಕೊಡೋದೇ ಆಗೋಯ್ತು ನಿಮಗೆಲ್ಲ," ಎಂದು ಇಂಜಿನಿಯರು ಟಾರ್ಚು ಆರಿಸಿದರು. ಒಮ್ಮೆ ಹೋದರೆ ಇವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲವೆಂದು ಸೊಸೆಗೆ ಗೊತ್ತಿತ್ತು. ಅವರ ದಾರಿಗೆ ಅಡ್ಡ ನಿಂತಳು. "ಬೆಳಿಗ್ಗೆ ಇತ್ತು ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಮಗು ಉಸಿರಾಡೋಕಾಗ್ದೆ ಒದ್ದಾಡ್ತಿದೆ." ಮಂಚದ ಮೇಲಿದ್ದ ಮಗು ಸುಂಯ್‌ಗುಡುತ್ತ ಉಸಿರೆಳೆಯಿತು. "ದಾರಿ ಬಿಡಮ್ಮ," ಎಂದರು ಇಂಜಿನಿಯರು.

ಅತ್ತೆ ಮಗುವನ್ನೊಮ್ಮೆ ನೋಡಿದರು, ಗೋಡೆಯನ್ನೊಮ್ಮೆ ನೋಡಿದರು. ಅಕ್ಕಪಕ್ಕದವರು ಬೆರಳು ತೋರಿಸಬಾರದೆಂದು ಎಲ್ಲರೂ ತುಳಿಯುವ ಮೆಟ್ಟಿಲನ್ನೂ ತಾವೇ ಉಜ್ಜುವ ಹೆಂಗಸು ಆಕೆ. ನೇರ ಹೋಗಿ ಹತ್ತೂ ಉಗುರುಗಳನ್ನು ಗೋಡೆಗೆ ಊರಿ ಪರಪರ ಕೆರೆದರು. ಹಸಿ ಸುಣ್ಣದ ಜೊತೆ ನೆನೆದ ಗಾರೆಯೂ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬಿತ್ತು. ಅಡಿಯ ಕಪ್ಪೆಲ್ಲ ಬೆರಳಿಗೆ ಅಂಟಿತು. ಆ ಕೈಗಳನ್ನು ಇಂಜಿನಿಯರ ಮುಖದ ಮುಂದೆ ಹಿಡಿದು, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಂತೆ ಕೂಗಿದರು:

"ನಮ್ಮನೆ ಗಲೀಜು ಸಾರ್! ನೋಡಿ, ಗಲೀಜು!"