ಗೈರುಹಾಜರಿಗೆ ಕಾರಣ

"ಮುನ್ನೂರ ಹನ್ನೆರಡು!" ಗುಮಾಸ್ತ ಮೂರನೇ ಸಲ ಕೂಗಿದಾಗ ಇಸ್ತ್ರಿಯಾಕೆಗೆ ಎಚ್ಚರವಾಯಿತು. ಅದು ಗಂಡನ ಸಂಖ್ಯೆ. ಅವಳದು ಮುನ್ನೂರ ಹದಿಮೂರು.

ಅಂದು ಸಂವಿಧಾನದ ದಿನ. ಹೊಸದಾಗಿ ದೇಶದ ಪ್ರಜೆಗಳಾಗುವವರನ್ನೆಲ್ಲ ಪುರಭವನದಲ್ಲಿ ಕೂರಿಸಿ ಭಾಷಣದ ಮೇಲೆ ಭಾಷಣ ಬಿಗಿದಿದ್ದರು. ಬೆಳಗಿನಿಂದ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಸೀದಾ ಬಂದಿದ್ದವಳಿಗೆ ಎರಡನೇ ಭಾಷಣಕ್ಕೇ ಜೊಂಪು ಹತ್ತಿತ್ತು.

ಬರುವ ಮನಸ್ಸೇ ಅವಳಿಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಗಂಡ ಹೆಂಡತಿ ಒಂದೇ ದಿನ ಅರ್ಜಿ ಹಾಕಿದ್ದರು. ಕಚೇರಿಗೆ ಅಲೆದು ಚಪ್ಪಲಿ ಸವೆಸಿದವನು ಅವನೇ. ಪ್ರಮಾಣವಚನ ಬಾಯಿಪಾಠ ಮಾಡಿಕೊಂಡು ಬಸ್ಸು ಓಡಿಸುವಾಗಲೂ ಗೊಣಗುತ್ತಿದ್ದ. ಅವನು ತೀರಿಕೊಂಡ ನಾಲ್ಕು ತಿಂಗಳಿಗೆ ಕರೆ ಬಂತು. "ಅಪ್ಪ ಪಟ್ಟ ಪಾಡೆಲ್ಲ ಹೊಳೇಲಿ ಹುಣಸೆಹಣ್ಣು ಹಿಂಡಿದ ಹಾಗಾಗ್ಬೇಕಾ?" ಎಂದು ಮಗಳೇ ಎಳೆದು ತಂದಿದ್ದಳು.

"ಹೋಗಮ್ಮಾ, ಅಪ್ಪನ್ನ ಕರೀತಿದ್ದಾರೆ."

ಅವಳು ಮೇಜಿನ ಬಳಿ ಹೋದಳು. "ಅವರು ಹೋಗ್ಬಿಟ್ರು ಸಾರ್. ಎರಡು ಸಲ ಬರೆದುಕೊಟ್ಟಿದ್ದೀನಿ."

ಗುಮಾಸ್ತ ಕಣ್ಣುಜ್ಜಿಕೊಂಡ. ಕೂಗಿ ಕೂಗಿ ಅವನ ಗಂಟಲೂ ಕಟ್ಟಿತ್ತು. "ನನ್ನ ಪಟ್ಟೀಲಿ ಇನ್ನೂ ಇದ್ದಾರಲ್ಲಮ್ಮ, ಏನ್ಮಾಡ್ಲಿ?"

"ಅವರ ಪೌರತ್ವದ ಪತ್ರನಾದ್ರೂ ಕೊಡಿ. ಗೋಡೆಗೆ ಹಾಕ್ತೀನಿ."

"ಪ್ರಮಾಣ ಮಾಡದವರ ಪತ್ರ ವಾಪಸ್ ಹೋಗ್ಬೇಕು. ಹರಿದು ಹಾಕ್ತಾರೆ." ಹಾಗೆಂದವನು, ಯಾಕೋ, ಪತ್ರವನ್ನು ಅವಳ ಕಡೆ ತಿರುಗಿಸಿಟ್ಟ. ಗಂಡನ ಹೆಸರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಪ್ಪಿಲ್ಲದೆ ಅಚ್ಚಾಗಿತ್ತು. ಮೂಲೆಯಲ್ಲಿ ಕಾಗದ ಮಡಚಿಕೊಂಡಿತ್ತು. ಅವಳು ಹೆಬ್ಬೆರಳಿನಿಂದ ಒತ್ತಿ, ಸುಕ್ಕು ಹೋಗುವವರೆಗೂ ತೀಡಿದಳು. ಗುಮಾಸ್ತ ಅವಸರ ಮಾಡಲಿಲ್ಲ.

ಪ್ರಮಾಣಕ್ಕೆ ಎಲ್ಲರೂ ಎದ್ದು ಬಲಗೈ ಎತ್ತಿದರು. ಕೊಟ್ಟ ಹಾಳೆಯನ್ನು ಅವಳು ಬಿಡಿಸಲೇ ಇಲ್ಲ. ಒಂದಕ್ಷರ ತಪ್ಪದೆ ಹೇಳುತ್ತಿದ್ದ ಅಮ್ಮನನ್ನು ಮಗಳು ಬೆರಗಾಗಿ ನೋಡಿದಳು.

ತನ್ನ ಪತ್ರಕ್ಕೆ ಸಹಿ ಹಾಕಿ ಹೊರಟವಳನ್ನು ಗುಮಾಸ್ತ ತಡೆದ. "ಸತ್ತಿದ್ದಾರೆ ಅಂತ ಬರೀಬೇಕಾದ್ರೆ ಮೇಲಿನವರ ಆದೇಶ ಬೇಕಮ್ಮ. ಸದ್ಯಕ್ಕೆ ಗೈರುಹಾಜರು ಅಂತ ಹಾಕ್ತೀನಿ. ಕಾರಣ ಏನಂತ ಬರೀಲಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಾದು ಕಾದು ಸಾಕಾಗಿ ಹೊರಟುಹೋದ್ರು ಅಂತ ಬರ್ಕೊಳ್ಳಿ ಸಾರ್."